ನಗರವನ್ನು ಸುಟ್ಟವರು ಯಾರು, ಖಾಲಿ ಮಾಡಿದವರು ಯಾರು?

ಹೊಸನಗರ ತಾಲ್ಲೂಕಿನ 'ನಗರ' ಎಂಬ ಊರಿನ ಬಗ್ಗೆ ತೀರ್ಥಹಳ್ಳಿ ಕಡೆಯ ಓದುಗರೊಬ್ಬರು ಬರೆದ ಪತ್ರ ಇದು. ಸ್ವಲ್ಪ ಚಿಕ್ಕದು ಮಾಡಿದ್ದೇನೆ.

"ನಮ್ಮ ಮನೆಯಲ್ಲಿ ಕೊಂಕಣಿ ಮಾತಾಡುತ್ತೇವೆ. 'ನಾವು ಮೂಲದಲ್ಲಿ ನಗರದವರು, ಹೈದರ್ ಊರು ಸುಟ್ಟ ರಾತ್ರಿ ಉಟ್ಟ ಬಟ್ಟೆಯಲ್ಲಿ ಓಡಿ ಬಂದವರು' ಅಂತ ಅಜ್ಜ ಹೇಳುತ್ತಿದ್ದರು. ಈಗ ಅಟ್ಟದ ಪೆಟ್ಟಿಗೆಯಲ್ಲಿ ಮರಾಠಿ ಬರೆಯುತ್ತಿದ್ದ ಮೋಡಿ ಲಿಪಿಯ ಕೆಲವು ಕಾಗದ, ಕಪ್ಪು ಬಟ್ಟೆಯ ಒಂದು ಕಡತ, ಒಂದು ಪುಟ್ಟ ಚಿನ್ನದ ನಾಣ್ಯ ಸಿಕ್ಕಿವೆ. ಮೋಡಿ ಬಲ್ಲವರೊಬ್ಬರು ಒಂದು ಕಾಗದದಲ್ಲಿ 'ಚಿತ್ರಭಾನು ಸಂವತ್ಸರ' ಎಂದಿದೆ ಅಂದರು. ದೊಡ್ಡಪ್ಪನ ಮಗ ಲೆಕ್ಕ ಹಾಕಿ, ಅದು ಹೈದರ್ ಬಂದ ವರ್ಷವೇ ಅಂತಾನೆ. ನಾಣ್ಯದ ಒಂದು ಕಡೆ ಶಿವ ಪಾರ್ವತಿ, ಇನ್ನೊಂದು ಕಡೆ ಚುಕ್ಕಿಗಳ ನಡುವೆ ಕೊಕ್ಕೆಯಂಥ ಗುರುತು. ಅಂಗಡಿಯವರು ಕೆಳದಿ ನಾಣ್ಯ ಅಂದರು, ಚಿನ್ನದ ರೇಟಿಗೆ ಕೊಡಿ ಅಂದರು. ವಾಟ್ಸಾಪ್ ಗುಂಪಿನಲ್ಲಿ ದಿನಾ ಜಗಳ. ಲಕ್ಷ ಮನೆಯಿದ್ದ ಊರನ್ನು ಮುಸ್ಲಿಮರು ಹಾಳು ಮಾಡಿದರು ಅಂತ ಒಬ್ಬರು, ಇಲ್ಲ ಬ್ರಿಟಿಷರು ಅಂತ ಇನ್ನೊಬ್ಬರು. ಹಳೇ ಮನೆಯ ಜಾಗ ಅಗೆದರೆ ನಿಧಿ ಸಿಗುತ್ತದೆ ಅಂತ ಮತ್ತೊಬ್ಬರು. ಮೋಡಿ ಕಾಗದ ಇದೆ ಅಂದಮೇಲೆ ನಾವು ಮರಾಠಿಗರೇ? ಇದರಲ್ಲಿ ನಿಜ ಎಷ್ಟು? ಇವನ್ನೆಲ್ಲ ನಾನೇನು ಮಾಡಲಿ?"

ಮೊದಲು ಒಂದು ಸಮಾಧಾನದ ಮಾತು. ನಿಮ್ಮ ಅಜ್ಜ ಸುಳ್ಳು ಹೇಳಿಲ್ಲ. ಆದರೆ ಅವರು ಹೇಳಿದ ಆ ಒಂದು ರಾತ್ರಿಯೊಳಗೆ ನೂರು ವರ್ಷದ ಸಂಗತಿಗಳು ಸೇರಿಕೊಂಡಿರಬಹುದು. ಹಳೇ ಕಾಗದ ಓದುವ ಕೆಲಸದಲ್ಲೇ ನನ್ನ ಕೂದಲು ಬೆಳ್ಳಗಾಯಿತು. ನಗರದ ವಿಷಯ ಬಂದಾಗಲೆಲ್ಲ "ಆ ರಾತ್ರಿ ಓಡಿ ಬಂದೆವು" ಎಂಬ ಕತೆ ಕೇಳಿದ್ದೇನೆ. ಲಿಂಗಾಯತರ ಮನೆಯಲ್ಲಿ ಕೇಳಿದ್ದೇನೆ, ಹವ್ಯಕರ ಮನೆಯಲ್ಲಿ, ಮುಸ್ಲಿಮರ ಮನೆಯಲ್ಲೂ ಕೇಳಿದ್ದೇನೆ. ಓಡಿಸಿದವರ ಹೆಸರು ಮಾತ್ರ ಮನೆಯಿಂದ ಮನೆಗೆ ಬದಲಾಗುತ್ತದೆ.

ನಿಮ್ಮ ಪತ್ರದಲ್ಲಿ ಎರಡು ಬೇರೆ ಚಿಂತೆಗಳಿವೆ. ಊರು ಹೇಗೆ ಹೋಯಿತು ಅನ್ನುವುದು ಒಂದು. ಪೆಟ್ಟಿಗೆಯನ್ನು ಏನು ಮಾಡುವುದು ಅನ್ನುವುದು ಇನ್ನೊಂದು. ಊರಿನ ಕತೆ ಗೊತ್ತಾಗದೆ ಪೆಟ್ಟಿಗೆ ಅರ್ಥವಾಗುವುದಿಲ್ಲ. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ಈಗ ಹೊಸನಗರ ತಾಲ್ಲೂಕಿನಲ್ಲಿರುವ ನಗರ ಒಂದು ಸಣ್ಣ ಊರು. ಶಿವಮೊಗ್ಗದಿಂದ ಕುಂದಾಪುರಕ್ಕೆ ಹೋಗುವ ಬಸ್ಸಿನಲ್ಲಿ ಕೂತವರು ಕೋಟೆಯ ಗೋಡೆ ನೋಡಿ 'ಓ' ಅನ್ನುವಷ್ಟರಲ್ಲಿ ಊರು ದಾಟಿರುತ್ತದೆ. ಆದರೆ 1640ರ ಸುಮಾರಿನಿಂದ 1763ರವರೆಗೆ ಇದು ಕೆಳದಿ ನಾಯಕರ ರಾಜಧಾನಿ. ವಿಜಯನಗರದ ಕೈಕೆಳಗೆ ಕೆಳದಿಯಲ್ಲಿ ಶುರುವಾದ ಮನೆತನ ಇಕ್ಕೇರಿಗೆ ಬಂತು. ಬಿಜಾಪುರದ ರಣದುಲ್ಲಾ ಖಾನ್ ಇಕ್ಕೇರಿಯನ್ನು ಹಾಳುಗೆಡವಿದ ಮೇಲೆ ವೀರಭದ್ರ ನಾಯಕ ಇನ್ನೂ ಒಳಗಿನ ಬಿದನೂರಿಗೆ ಬಂದ. ನಗರದ ಆಗಿನ ಹೆಸರು ಅದು. ಸುತ್ತ ಗುಡ್ಡ, ದಟ್ಟ ಕಾಡು, ಆರು ತಿಂಗಳು ಬಿಡದ ಮಳೆ. ದೊಡ್ಡ ಸೈನ್ಯ ಸುಲಭವಾಗಿ ಬರುವ ಜಾಗ ಅಲ್ಲ. ಅಡಗಿ ಕೂರುವುದಕ್ಕೇ ಆರಿಸಿಕೊಂಡ ಊರು ಇದು ಅನ್ನುವುದನ್ನು ನೆನಪಿಟ್ಟುಕೊಳ್ಳಿ. ಕೊನೆಗೆ ಅದೇ ಅದಕ್ಕೆ ಮುಳುವಾಯಿತು.

ಅಡಗಿ ಕೂತವರು ಬದುಕಿದ್ದು ದಾರಿಯಿಂದ. ಹೊಸಂಗಡಿ ಘಾಟಿ ಇಳಿದರೆ ಬಸರೂರು, ಕುಂದಾಪುರ. ಆ ಕಡೆ ಹೊನ್ನಾವರ, ಭಟ್ಕಳ. ಮೆಣಸು, ಅಡಿಕೆ, ಏಲಕ್ಕಿ, ಗಂಧ ಇಳಿದು ಹೋಗುತ್ತಿತ್ತು. ಉಪ್ಪು, ಕುದುರೆ, ಬಟ್ಟೆ ಹತ್ತಿ ಬರುತ್ತಿತ್ತು. ಕರಾವಳಿ ಮತ್ತು ಮಲೆನಾಡು ಎರಡೂ ಒಂದೇ ಸರ್ಕಾರದ ಕೈಯಲ್ಲಿದ್ದವು. ಹಾಗಾಗಿ ಘಾಟಿಯ ಎರಡು ತುದಿಯ ಸುಂಕವೂ ಒಂದೇ ಖಜಾನೆಗೆ ಬೀಳುತ್ತಿತ್ತು. ಶಿವಪ್ಪ ನಾಯಕನ ಶಿಸ್ತಿನ ಬಗ್ಗೆ ನಾವು ಶಾಲೆಯಲ್ಲೇ ಓದಿದ್ದೇವೆ. ಅದು ಭೂಮಿಯ ಲೆಕ್ಕ. ಊರಿನ ಸಿರಿ ಬಂದಿದ್ದು ಮಾತ್ರ ಬಹುಪಾಲು ಈ ದಾರಿಯಿಂದ.

ಇಂಥ ಊರಿಗೆ ಯಾರು ಬರುವುದಿಲ್ಲ ಹೇಳಿ? ಆಳುವವರು ವೀರಶೈವರು. ಶೃಂಗೇರಿ ಮಠಕ್ಕೂ ಅವರ ದತ್ತಿಗಳಿವೆ. ಹತ್ತಿರದ ಹುಂಚದಲ್ಲಿ ಜೈನರ ಹಳೇ ಮಠ. ತೋಟಗಳಲ್ಲಿ ಹವ್ಯಕರು, ಗದ್ದೆಗಳಲ್ಲಿ, ಸೈನ್ಯದಲ್ಲಿ ದೀವರು. ಲೆಕ್ಕಪತ್ರ ಮತ್ತು ವ್ಯಾಪಾರದಲ್ಲಿ ಕೊಂಕಣಿ ಮಾತಾಡುವ ಸಾರಸ್ವತರು. ಅವರಲ್ಲಿ ಎಷ್ಟೋ ಜನ ಪೋರ್ಚುಗೀಸರ ಗೋವಾದಿಂದ ತಲೆಮಾರುಗಳ ಹಿಂದೆ ಹೊರಟು ಬಂದವರ ಮಕ್ಕಳು. ಕರಾವಳಿಯ ನವಾಯತ ಮುಸ್ಲಿಂ ವರ್ತಕರೂ ಇದ್ದರು. ಪೋರ್ಚುಗೀಸರ ಜೊತೆ ಜಗಳವೂ ಇತ್ತು, ಒಪ್ಪಂದವೂ ಇತ್ತು, ಅಕ್ಕಿ ವ್ಯಾಪಾರವೂ ಇತ್ತು. ಔರಂಗಜೇಬನಿಂದ ತಪ್ಪಿಸಿಕೊಂಡು ಬಂದ ಶಿವಾಜಿಯ ಮಗ ರಾಜಾರಾಮನಿಗೆ 1689ರಲ್ಲಿ ಆಸರೆ ಕೊಟ್ಟ ಚೆನ್ನಮ್ಮಾಜಿಯೂ ಈ ಮನೆತನದವಳೇ. ಹಾಗಾಗಿ "ನಗರದ ಮೂಲದವರು ಯಾರು" ಎಂದು ನಿಮ್ಮ ಗುಂಪಿನಲ್ಲಿ ಜಗಳ ನಡೆದರೆ ಸುಮ್ನೆ ಬಿಡಿ. ಅಲ್ಲಿನ ಪೇಟೆ ತುಂಬಿಸಿದ್ದೇ ಹೊರಗಿಂದ ಬಂದವರು.

ಲಕ್ಷ ಮನೆಯ ಮಾತು ಎಲ್ಲಿಂದ ಬಂತು? ಲಕ್ಷ ಮನೆ ತುಂಬಿದರೆ ಊರನ್ನು 'ನಗರ' ಅನ್ನಬಹುದು, ಅದಕ್ಕಾಗಿ ನಾಯಕರು ಜನರನ್ನು ಕರೆಸಿ ಕೂರಿಸಿದರು ಎಂಬ ಹೇಳಿಕೆ ಜನರ ಬಾಯಲ್ಲಿತ್ತು. ಅದು ಹಳೇ ಗೆಜೆಟಿಯರ್‌ಗಳಿಗೂ ಸೇರಿತು. ಒಮ್ಮೆ ಅಚ್ಚಾದ ಮೇಲೆ ಕೇಳಬೇಕಾ? ಲೆಕ್ಕ ಹಾಕಿ ನೋಡಿ. ಲಕ್ಷ ಮನೆ ಅಂದರೆ ಐದು ಲಕ್ಷ ಜನ. ಆಗಿನ ಲಂಡನ್ನಿಗೆ ಹತ್ತಿರದ ಸಂಖ್ಯೆ ಅದು. ಈ ಗುಡ್ಡಗಳ ನಡುವೆ ಅಷ್ಟು ಜನಕ್ಕೆ ಅಕ್ಕಿ ಎಲ್ಲಿಂದ ತರುವುದು? ಆದರೆ ಊರು ದೊಡ್ಡದಿತ್ತು ಅನ್ನುವುದರಲ್ಲಿ ಅನುಮಾನ ಇಲ್ಲ. ಕೋಟೆಗೋಡೆಯ ಸುತ್ತಳತೆ ಎಂಟು ಮೈಲಿ ಎಂದು ಬ್ರಿಟಿಷರು ಬರೆದಿದ್ದಾರೆ, ಅಂದರೆ ಸುಮಾರು 13 ಕಿಲೋಮೀಟರ್. ಅದರೊಳಗೆ ಗುಡ್ಡ, ತೋಟ, ಗದ್ದೆ, ಕಾಡು ಎಲ್ಲ ಇತ್ತು. ಮನೆಗಳು ಒತ್ತೊತ್ತಾಗಿ ಇರಲಿಲ್ಲ. ಈಗಲೂ ಮಲೆನಾಡಿನ ಮನೆಗಳು ಹಾಗೇ ಅಲ್ವಾ?

ಈಗ ಬೆಂಕಿಯ ವಿಷಯ. ನಿಮ್ಮ ಅಜ್ಜ ಹೇಳಿದ ರಾತ್ರಿ ಇದೇ.

1763ರ ಆರಂಭದಲ್ಲಿ ಹೈದರಾಲಿ ಬಿದನೂರಿಗೆ ಬಂದ. ಅವನು ಬರಲು ದಾರಿ ಮಾಡಿಕೊಟ್ಟಿದ್ದು ಅರಮನೆಯ ಒಳಜಗಳ. ರಾಣಿ ವೀರಮ್ಮಾಜಿ ಆಳುತ್ತಿದ್ದಳು. ಅವಳಿಗಿಂತ ಮುಂಚಿನ ಹುಡುಗ ದೊರೆ ಚೆನ್ನಬಸಪ್ಪ ನಾಯಕನನ್ನು ಕೊಲ್ಲಿಸಿದರು ಎಂಬ ಗುಲ್ಲು ಎದ್ದಿತ್ತು. ಆಮೇಲೆ ಒಬ್ಬ ಯುವಕ ಬಂದು "ಸತ್ತನೆಂದವನು ನಾನೇ" ಅಂದ. ಚಿತ್ರದುರ್ಗದ ಪಾಳೆಯಗಾರ ಅವನನ್ನು ಹೈದರನ ಬಳಿ ಕರೆದುಕೊಂಡು ಹೋದ. ಸೆರೆಯಲ್ಲಿದ್ದ ಬಿದನೂರಿನ ಹಳೇ ಮಂತ್ರಿಯೊಬ್ಬ ಊರೊಳಗೆ ಹೋಗುವ ಗುಟ್ಟಿನ ದಾರಿ ತೋರಿಸಿದ ಎನ್ನುತ್ತಾರೆ. ರಾಣಿ ಅರಮನೆಗೆ ಬೆಂಕಿ ಇಡಿಸಿ ಬಲ್ಲಾಳರಾಯನ ದುರ್ಗಕ್ಕೆ ಹೋದಳು. ಊರವರು ಕಾಡಿಗೆ ಓಡಿದರು.

ಇಲ್ಲಿಯವರೆಗೆ ಅಜ್ಜನ ಕತೆ ಸರಿ. ಬೆಂಕಿಯೂ ನಿಜ, ಓಟವೂ ನಿಜ. ಆದರೆ ಬೆಂಕಿ ಇಟ್ಟಿದ್ದು ಹೈದರ್ ಅಲ್ಲ. ಅವನು ಮೊದಲು ಮಾಡಿದ ಕೆಲಸವೇ ಅದನ್ನು ಆರಿಸಿದ್ದು. ಒಳ್ಳೆಯತನಕ್ಕೆ ಅಂತ ತಿಳಿಯಬೇಡಿ. ಅಷ್ಟು ಸಂಪತ್ತು ಸುಟ್ಟು ಹೋಗುವುದು ಅವನಿಗೆ ಬೇಕಿರಲಿಲ್ಲ. ಲೂಟಿಗೆ ನುಗ್ಗಿದ್ದ ತನ್ನದೇ ಸಿಪಾಯಿಗಳನ್ನು ಹೊರಹಾಕಿ, ಸಾಹುಕಾರರ ಮನೆಗಳಿಗೆ ಮುದ್ರೆ ಹಾಕಿಸಿ ಕಾವಲು ಕೂರಿಸಿದ. ಅವನಿಗೆ ಸಿಕ್ಕಿದ್ದು ಒಂದು ಕೋಟಿ ಇಪ್ಪತ್ತು ಲಕ್ಷ ಪೌಂಡ್ ಎಂದು ಮೈಸೂರಿನ ಇತಿಹಾಸ ಬರೆದ ಬ್ರಿಟಿಷ್ ಅಧಿಕಾರಿ ವಿಲ್ಕ್ಸ್ ಬರೆದ. ಅರ್ಧ ಶತಮಾನ ಕಳೆದ ಮೇಲೆ ಬರೆದ ಸಂಖ್ಯೆ ಅದು, ನಾನು ಅದನ್ನು ಕಣ್ಣು ಮುಚ್ಚಿ ನಂಬುವುದಿಲ್ಲ. ಆದರೆ ತನ್ನ ದೊಡ್ಡತನಕ್ಕೆಲ್ಲ ಬಿದನೂರೇ ಬುನಾದಿ ಎಂದು ಹೈದರ್ ಹೇಳುತ್ತಿದ್ದನಂತೆ. ಅದು ನಂಬುವ ಮಾತು.

ರಾಣಿ, ಅವಳ ದತ್ತು ಮಗ, "ಸತ್ತನೆಂದವನು ನಾನೇ" ಎಂದು ಬಂದ ಆ ಯುವಕ, ಮೂವರನ್ನೂ ಹೈದರ್ ಮಧುಗಿರಿ ಕೋಟೆಗೆ ಕಳಿಸಿದ. ರಾಜ್ಯ ಕೊಡಿಸು ಅಂತ ಬಂದವನಿಗೂ ಸೆರೆಮನೆಯೇ! ಆಮೇಲೆ ಹಳೇ ಅಧಿಕಾರಿಗಳು ಹೈದರನನ್ನು ಕೊಲ್ಲಲು ಸಂಚು ಮಾಡಿದ್ದು ಬಯಲಾಯಿತು. ಒಂದೇ ದಿನ ಮುನ್ನೂರಕ್ಕೂ ಹೆಚ್ಚು ಜನರನ್ನು ಊರಿನ ದಾರಿಗಳಲ್ಲಿ ನೇತು ಹಾಕಿಸಿದ ಎಂದು ವಿಲ್ಕ್ಸ್ ಬರೆಯುತ್ತಾನೆ. ಇದನ್ನು ಮುಚ್ಚಿಡುವುದು ಸರಿಯಲ್ಲ. ನಿಮ್ಮ ಮನೆಯವರು ಆಗ ಸರ್ಕಾರದ ಲೆಕ್ಕ ಬರೆಯುತ್ತಿದ್ದರೆ ಹೆದರಿ ಓಡಿದ್ದಕ್ಕೆ ಪೂರ್ತಿ ಕಾರಣ ಇತ್ತು.

ಆದರೆ ಊರು ಆಗ ಸಾಯಲಿಲ್ಲ. ಹೈದರ್ ಅದಕ್ಕೆ ಹೈದರ್ ನಗರ ಅಂತ ಹೆಸರಿಟ್ಟ. ತನ್ನದೇ ರಾಜಧಾನಿ ಮಾಡುವ ಯೋಚನೆಯಲ್ಲಿ ಅರಮನೆ ಕಟ್ಟಿಸಲು ಶುರು ಮಾಡಿದ. ನಾಣ್ಯ ಅಚ್ಚು ಹಾಕುವ ಟಂಕಸಾಲೆ ನಡೆಯಿತು. ಘಾಟಿಯ ಮೇಲೂ ಕೆಳಗೂ ಅವನದೇ ಆಳ್ವಿಕೆ. ಹಾಗಾಗಿ ದಾರಿ ಬದುಕಿತ್ತು, ಪೇಟೆಯೂ ಬದುಕಿತ್ತು. ಓಡಿದವರಲ್ಲಿ ಎಷ್ಟೋ ಜನ ವಾಪಸ್ ಬಂದಿರಲೇಬೇಕು. ಇಲ್ಲದಿದ್ದರೆ ಇಪ್ಪತ್ತು ವರ್ಷದ ಮೇಲೆ ಅಲ್ಲಿ ಸುಡಲು ಊರೇ ಇರುತ್ತಿರಲಿಲ್ಲ.

ನಿಮ್ಮ ಅಜ್ಜನ ಬೆಂಕಿ 1763ರದ್ದಲ್ಲ, 1783ರದ್ದು ಅನ್ನುವುದು ನನ್ನ ಅನುಮಾನ. ಹೈದರ್ ತೀರಿಕೊಂಡು ತಿಂಗಳೂ ಎರಡಾಗಿರಲಿಲ್ಲ. ಜನವರಿ ಕೊನೆಯಲ್ಲಿ ಜನರಲ್ ಮ್ಯಾಥ್ಯೂಸ್ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯ ತಗೊಂಡು ಹೊಸಂಗಡಿ ಘಾಟಿ ಹತ್ತಿದ. ನಗರದ ಅಧಿಕಾರಿ ಅಯಾಜ್ ಖಾನ್ ಗುಂಡು ಹಾರಿಸದೆ ಊರು ಒಪ್ಪಿಸಿದ. ಈ ಅಯಾಜನ ಕತೆಯೇ ಬೇರೆ. ಹುಟ್ಟಿನಲ್ಲಿ ಮಲಬಾರಿನ ನಾಯರ್ ಹುಡುಗ. ಸೆರೆ ಸಿಕ್ಕು, ಮತ ಬದಲಾಗಿ, ಹೈದರನ ಅಚ್ಚುಮೆಚ್ಚಿನವನಾಗಿ ಬೆಳೆದ. ಟಿಪ್ಪುವಿಗೂ ಅವನಿಗೂ ಆಗುತ್ತಿರಲಿಲ್ಲ. ಹೈದರ್ ಹೋದ ಮೇಲೆ ತನ್ನ ಜೀವಕ್ಕೆ ಉಳಿಗಾಲ ಇಲ್ಲ ಅಂತ ಅವನಿಗೆ ಗೊತ್ತಿತ್ತು. ಮಲಯಾಳಿ ಮೂಲದ ಮುಸ್ಲಿಂ ಅಧಿಕಾರಿಯೊಬ್ಬ ಕನ್ನಡ, ಕೊಂಕಣಿ ಮಾತಾಡುವ ಊರನ್ನು ಮುಸ್ಲಿಂ ದೊರೆಯ ಕೈತಪ್ಪಿಸಿ ಇಂಗ್ಲಿಷರಿಗೆ ಕೊಟ್ಟ. ಇದನ್ನು ನಿಮ್ಮ ವಾಟ್ಸಾಪ್ ಗುಂಪಿನವರು ಯಾವ ಖಾನೆಗೆ ಹಾಕುತ್ತಾರೋ ನೋಡೋಣ.

ಟಿಪ್ಪು ಏಪ್ರಿಲ್ ಹೊತ್ತಿಗೆ ದೊಡ್ಡ ಸೈನ್ಯದೊಂದಿಗೆ ಬಂದು ಮುತ್ತಿಗೆ ಹಾಕಿದ. ಜೊತೆಗೆ ಫ್ರೆಂಚರ ತುಕಡಿಯೂ ಇತ್ತು. ಈ ಕಾದಾಟದಲ್ಲಿ ಅರಮನೆಯೂ ಊರಿನ ಬಹುಭಾಗವೂ ಸುಟ್ಟು ಹೋದವು. ಇಂಗ್ಲಿಷರು ಸೋತು ಶರಣಾದರು. ಖಜಾನೆ ಹಾಗೇ ಒಪ್ಪಿಸಬೇಕು ಅಂತ ಕರಾರಿತ್ತು. ಹೋಗಿ ನೋಡಿದರೆ ಖಜಾನೆ ಬರಿದು! ಮ್ಯಾಥ್ಯೂಸ್ ಸೆರೆಯಾಗಿ ಶ್ರೀರಂಗಪಟ್ಟಣದಲ್ಲಿ ಸತ್ತ. ಯಾರು ಸುಟ್ಟರು ಅಂದರೆ ಇಬ್ಬರ ಜಗಳದಲ್ಲಿ ಸುಟ್ಟಿತು. ಹಾಳು ಮಾಡಿದ ಪಾಪವನ್ನು ಒಬ್ಬರ ತಲೆಗೇ ಕಟ್ಟಬೇಕು ಅಂತ ಹಟ ಇದ್ದರೆ ಇತಿಹಾಸ ಅದಕ್ಕೆ ಒದಗುವುದಿಲ್ಲ.

ಸುಟ್ಟ ಅರಮನೆಯನ್ನು ಟಿಪ್ಪು ಮತ್ತೆ ಕಟ್ಟಿಸಿದ. ಟಂಕಸಾಲೆ ಮತ್ತೆ ನಡೆಯಿತು. ನಗರ ಒಂದು ಪ್ರಾಂತದ ಕಚೇರಿಯಾಗಿ ಉಳಿಯಿತು. 1791ರಲ್ಲಿ ಮರಾಠರ ದಂಡು ಶೃಂಗೇರಿ ಮಠವನ್ನು ಲೂಟಿ ಮಾಡಿದಾಗ, ಶಾರದೆಯ ಮರುಪ್ರತಿಷ್ಠೆಗೆ 200 ರಹತಿ (ಆಗಿನ ನಾಣ್ಯ) ನಗದು ಮತ್ತು ಬೇರೆ ಸಾಮಾನು ಕೊಡಿ ಎಂದು ಟಿಪ್ಪುವಿನ ಆಜ್ಞೆ ಹೋಗಿದ್ದು ನಗರದ ಅಸಫನಿಗೇ, ಅಂದರೆ ಆ ಪ್ರಾಂತದ ಅಧಿಕಾರಿಗೇ.

ಹಾಗಾದರೆ ಊರು ಖಾಲಿಯಾಗಿದ್ದು ಯಾವಾಗ? ನನ್ನ ಪ್ರಕಾರ 1799ರಲ್ಲಿ, ಶ್ರೀರಂಗಪಟ್ಟಣದಲ್ಲಿ ನಕ್ಷೆ ಮುಂದಿಟ್ಟುಕೊಂಡು ಕೂತಾಗ. ಟಿಪ್ಪು ಬಿದ್ದ ಮೇಲೆ ಕಂಪನಿ ರಾಜ್ಯ ಹಂಚಿತು. ಕೆನರಾ, ಅಂದರೆ ಕರಾವಳಿ ಪೂರ್ತಿ ಕಂಪನಿಗೆ. ಘಾಟಿಯ ಮೇಲಿನ ನಗರ ಮೈಸೂರಿನ ಒಡೆಯರಿಗೆ. ವಿಜಯನಗರದ ಕಾಲದಿಂದ ಒಂದೇ ಕೈಯಲ್ಲಿದ್ದ ಮೇಲುಸೀಮೆಯೂ ಕೆಳಸೀಮೆಯೂ ಎರಡಾದವು. ಘಾಟಿಯ ತಲೆಯೇ ಗಡಿಯಾಯಿತು. ಬಸರೂರಿನ ಸುಂಕ ಇನ್ನು ನಗರಕ್ಕೆ ಬರುವಂತಿಲ್ಲ. ದಾರಿ ಕಾಯುವ ಸೈನ್ಯ ಬೇಡ, ಟಂಕಸಾಲೆ ಬೇಡ, ಅರಮನೆಗೆ ಸಾಮಾನು ಒದಗಿಸುವ ಶೆಟ್ಟರು ಬೇಡ. ಒಂದು ಮನೆಗೂ ಬೆಂಕಿ ಬೀಳಲಿಲ್ಲ. ಆದರೆ ಅಲ್ಲಿ ಇರಲು ಇದ್ದ ಕಾರಣ ಹೋಯಿತು. ಕಂಪನಿಯ ಪರವಾಗಿ ಸೀಮೆ ಸುತ್ತಿ ವರದಿ ಬರೆದ ಬುಕಾನನ್ 1801ರಲ್ಲಿ ನಗರಕ್ಕೆ ಬಂದಾಗ ಕಂಡಿದ್ದು ಇಳಿಮುಖದ ಊರನ್ನು.

ಇನ್ನೊಂದು ಪೆಟ್ಟು 1830ರಲ್ಲಿ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲ. ಕಂದಾಯ ವಸೂಲಿಯ ಗುತ್ತಿಗೆ ಪದ್ಧತಿ, ಹೊರಗಿನ ಅಧಿಕಾರಿಗಳ ಕಾಟ ತಡೆಯಲಾರದೆ ನಗರ ಸೀಮೆಯ ರೈತರು ಕೂಟ ಕಟ್ಟಿದರು. ಬೂದಿ ಬಸವಪ್ಪ ಎಂಬವನು ತಾನು ಕೆಳದಿ ವಂಶದವನು ಎಂದು ಹೇಳಿಕೊಂಡು ಮುಂದೆ ನಿಂತ. ನಾಯಕರು ಹೋಗಿ ಅರವತ್ತೇಳು ವರ್ಷವಾದರೂ ಆ ಹೆಸರಿಗೆ ಜನ ಸೇರಿದರು ನೋಡಿ. ದಂಗೆಯನ್ನು ಮುರಿದರು. ಅದನ್ನೇ ನೆಪ ಮಾಡಿಕೊಂಡು 1831ರ ಅಕ್ಟೋಬರಿನಲ್ಲಿ ಬ್ರಿಟಿಷರು ಇಡೀ ಮೈಸೂರಿನ ಆಡಳಿತ ಕೈಗೆ ತಗೊಂಡರು. ಅವರು ಮಾಡಿದ 'ನಗರ ಡಿವಿಜನ್' ಹೆಸರಿಗೆ ಮಾತ್ರ ನಗರ, ಕಚೇರಿ ಶಿವಮೊಗ್ಗದಲ್ಲಿ.

ಯಾಕೆ ಶಿವಮೊಗ್ಗ? ತುಂಗೆಯ ದಂಡೆ, ಮಲೆನಾಡು ಮುಗಿದು ಬಯಲು ಶುರುವಾಗುವ ಅಂಚು. ಬೆಂಗಳೂರಿನಿಂದ ಗಾಡಿ ಸಲೀಸಾಗಿ ಬರುತ್ತದೆ. ಮಲೆನಾಡ ಜ್ವರದ ಹೆದರಿಕೆ ಕಡಿಮೆ. ಅಡಗಲು ಆರಿಸಿದ ಊರು ಆಳಲು ಅನುಕೂಲವಾಗಲಿಲ್ಲ. 1893ರಲ್ಲಿ ತಾಲ್ಲೂಕು ಕಚೇರಿಯೂ ನಗರದಿಂದ ಕಲ್ಲೂರುಕಟ್ಟೆಗೆ ಹೋಯಿತು. ಅದೇ ಈಗಿನ ಹೊಸನಗರ. 1899ರಲ್ಲಿ ಬೀರೂರಿನಿಂದ ರೈಲು ಬಂದು ನಿಂತಿದ್ದೂ ಶಿವಮೊಗ್ಗದಲ್ಲೇ. 1901ರ ಜನಗಣತಿಯ ಹೊತ್ತಿಗೆ ನಗರದಲ್ಲಿ ಸಾವಿರ ಜನವೂ ಇರಲಿಲ್ಲ.

ಇನ್ನು ನಿಮ್ಮ ಪೆಟ್ಟಿಗೆಗೆ ಬರೋಣ.

ಚಿತ್ರಭಾನು ಸಂವತ್ಸರದ ವಿಷಯ. 1762-63 ಚಿತ್ರಭಾನು, ನಿಜ. ಹೈದರ್ ಬಂದಿದ್ದೂ ಅದೇ ಸಂವತ್ಸರದಲ್ಲಿ. ಆದರೆ ಸಂವತ್ಸರಗಳು ಅರವತ್ತು ವರ್ಷಕ್ಕೊಮ್ಮೆ ಮರಳುತ್ತವೆ. 1822-23 ಕೂಡ ಚಿತ್ರಭಾನು, 1882-83 ಕೂಡ. ಹೈದರ್ ಬಂದ ಗಲಾಟೆಯ ವರ್ಷದ ಕಾಗದ ಉಳಿದಿರುವ ಸಾಧ್ಯತೆಗಿಂತ 1822ರದ್ದು ಉಳಿದಿರುವ ಸಾಧ್ಯತೆ ಜಾಸ್ತಿ. ಕಾಗದದಲ್ಲಿ ಶಕ ವರ್ಷ ಇದೆಯಾ ನೋಡಿ. 1684 ಎಂದಿದ್ದರೆ ನಿಮ್ಮ ಅಣ್ಣ ಗೆದ್ದ, 1744 ಎಂದಿದ್ದರೆ ಸೋತ. ಶಕ ಇಲ್ಲದಿದ್ದರೆ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿ. ಇಂಗ್ಲಿಷ್ ಅಕ್ಷರದ ನೀರಚ್ಚು ಕಂಡರೆ ಅದು ವಿದೇಶದಿಂದ ಬಂದ ಸೀಮೆ ಕಾಗದ, ಕೆಲವೊಮ್ಮೆ ಇಸವಿಯೂ ಇರುತ್ತದೆ. ಮುದ್ರೆ ಇದ್ದರೆ ಅದರ ಚಿತ್ರ ತೆಗೆದಿಡಿ. ಅದು 1822ರದ್ದಾಗಿ, ನಗರದಲ್ಲಿರುವ ಮನೆ ಅಥವಾ ಅಂಗಡಿಯ ವಿಷಯ ಅದರಲ್ಲಿದ್ದರೆ, ನಿಮ್ಮವರು 1763ರಲ್ಲಿ ಖಾಯಂ ಆಗಿ ಬಿಟ್ಟು ಬಂದಿಲ್ಲ ಎಂದಾಯಿತು.

ಮೋಡಿಯ ಬಗ್ಗೆ. ಮೋಡಿ ಕಾಗದ ಇದ್ದರೆ ಮರಾಠಿಗರು ಅನ್ನುವುದು ತಪ್ಪು. ದಿವಾನ್ ಪೂರ್ಣಯ್ಯನವರ ಕಾಲದಲ್ಲೂ ಬ್ರಿಟಿಷ್ ಕಮಿಷನರ ಕಾಲದಲ್ಲೂ ಮೈಸೂರಿನ ಸರ್ಕಾರಿ ಲೆಕ್ಕಗಳು ಕನ್ನಡದ ಜೊತೆ ಮರಾಠಿಯಲ್ಲೂ ಇರುತ್ತಿದ್ದವು. ಈಗ ನಾವು ಬ್ಯಾಂಕಿನ ಫಾರಂ ಇಂಗ್ಲಿಷಿನಲ್ಲಿ ತುಂಬುವ ಹಾಗೆ. ಮನೆಯಲ್ಲಿ ಕೊಂಕಣಿ, ಪೇಟೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ, ಟಿಪ್ಪುವಿನ ಕಾಲದಲ್ಲಿ ಅದರ ಮೇಲೊಂದು ಪಾರಸಿ. ಒಬ್ಬನೇ ಶಾನುಭೋಗ ಇವೆಲ್ಲವನ್ನೂ ಸಂಭಾಳಿಸಿದ ಉದಾಹರಣೆಗಳಿವೆ.

ನಾಣ್ಯ ನನಗೆ ತುಂಬಾ ಇಷ್ಟವಾದ ಭಾಗ. ನೀವು ಬರೆದಿರುವುದು ಸರಿಯಿದ್ದರೆ ಅದು ಕೆಳದಿಯದ್ದಲ್ಲ, ಹೈದರನದು. ಕೆಳದಿಯವರ ಚಿನ್ನದ ನಾಣ್ಯ ಇಕ್ಕೇರಿ ವರಹ. ಅದರ ಒಂದು ಕಡೆ ಶಿವ ಪಾರ್ವತಿ, ಹಿಂದೆ ನಾಗರಿಯಲ್ಲಿ 'ಶ್ರೀ ಸದಾಶಿವ'. ಹೈದರ್ ಬಿದನೂರು ಹಿಡಿದ ಮೇಲೆ ಶಿವ ಪಾರ್ವತಿಯರನ್ನು ಹಾಗೇ ಉಳಿಸಿಕೊಂಡ. ಹಿಂದೆ ಮಾತ್ರ ಚುಕ್ಕಿಗಳ ನಡುವೆ ತನ್ನ ಹೆಸರಿನ ಮೊದಲ ಪಾರಸಿ ಅಕ್ಷರ ಹಾಕಿಸಿದ. ನೀವು ಹೇಳುವ ಕೊಕ್ಕೆ ಅದೇ. ಬಹಾದ್ದುರಿ ವರಹ ಅಂತ ಕರೆಯುತ್ತಿದ್ದರು. ಕಾರಣ ಸರಳ. ಬಸರೂರಿನ ವರ್ತಕ ಇಕ್ಕೇರಿ ವರಹ ನಂಬಿದ್ದ, ಹೊಸ ಮುಖ ಹಾಕಿದರೆ ವಟ್ಟ, ಅಂದರೆ ಬೆಲೆಯಲ್ಲಿ ಕಡಿತ, ಕೇಳುತ್ತಿದ್ದ. ಟಿಪ್ಪು ದೇವರ ಚಿತ್ರ ಬಿಟ್ಟ. ಅವನಾದ ಮೇಲೆ ಮುಮ್ಮಡಿಯವರು ಮತ್ತೆ ಶಿವ ಪಾರ್ವತಿಯರನ್ನು ತಂದು ಹಿಂದೆ 'ಶ್ರೀ ಕೃಷ್ಣರಾಜ' ಹಾಕಿಸಿದರು. ಮುಖ ನೋಡಿದರೆ ಮೂರು ಆಳ್ವಿಕೆಯೂ ಒಂದೇ, ಬೆನ್ನು ನೋಡಿಯೇ ಹೇಳಬೇಕು. ಹೈದರನಿಂದ ಓಡಿ ಬಂದ ಮನೆಯ ಪೆಟ್ಟಿಗೆಯಲ್ಲಿ ಹೈದರನ ವರಹ! ಆದರೆ ಇದರಿಂದಲೂ ಜಾಸ್ತಿ ತೀರ್ಮಾನಕ್ಕೆ ಬರಬೇಡಿ. ಆ ವರಹ ಬಹಳ ಕಾಲ ಬಹಳ ಊರುಗಳಲ್ಲಿ ಓಡಾಡಿತು.

ಏನು ಮಾಡುವುದು ಅಂತ ಕೇಳಿದ್ದೀರಿ. ಚಿನ್ನದ ರೇಟಿಗೆ ಕೊಡುವುದು ಬೇಡವೇ ಬೇಡ. ತೂಕ ಸುಮಾರು 3.4 ಗ್ರಾಂ ಇರಬೇಕು. ಅದಕ್ಕಿಂತ ತುಂಬಾ ಕಡಿಮೆ ಇದ್ದರೆ ನಕಲಿ ಅಂತ ಅನುಮಾನಿಸಿ. ಪೂಜೆಗೆ ಇಡಲು ಮಾಡಿಸಿದ ನಕಲಿಗಳು ಮಲೆನಾಡಿನಲ್ಲಿ ಬೇಕಾದಷ್ಟಿವೆ. ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಬೇಡಿ. ತಿಕ್ಕಿದ ನಾಣ್ಯಕ್ಕೆ ಸಂಗ್ರಹಕಾರರು ಬೆಲೆ ಕೊಡುವುದಿಲ್ಲ. ಮಾರಲೇಬೇಕು ಅನ್ನಿಸಿದರೆ ನಾಣ್ಯಶಾಸ್ತ್ರ ಬಲ್ಲವರಿಂದ ಬರಹದಲ್ಲಿ ಅಭಿಪ್ರಾಯ ತಗೊಂಡು, ರಸೀದಿ ಕೊಡುವ ಕಡೆ ಮಾರಿ. ನೂರು ವರ್ಷ ದಾಟಿದ ವಸ್ತು ದೇಶದ ಹೊರಗೆ ಹೋಗುವಂತಿಲ್ಲ. ವಿದೇಶದ ನೆಂಟರ ಕೈಯಲ್ಲಿ ಕಳಿಸುವ ಐಡಿಯಾ ಯಾರಾದರೂ ಕೊಟ್ಟರೆ ಒಪ್ಪಬೇಡಿ. ಮನೆಯಲ್ಲೇ ಇಟ್ಟುಕೊಂಡರೆ ಕಳ್ಳತನದ ಭಯ, ಆಮೇಲೆ ಪಾಲಿನ ಜಗಳ. ಎಲ್ಲರೆದುರು ತೂಕ ಮಾಡಿ, ಚಿತ್ರ ತೆಗೆದು, ಯಾರ ಹತ್ತಿರ ಇದೆ ಅಂತ ಬರೆದಿಟ್ಟರೆ ಅರ್ಧ ಜಗಳ ಕಡಿಮೆ.

ಕಾಗದಗಳ ಬೆಲೆ ನಾಣ್ಯಕ್ಕಿಂತ ಜಾಸ್ತಿ. ಇಂಥ ವರಹ ಇನ್ನೂ ಎಷ್ಟೋ ಇವೆ, ನಿಮ್ಮ ಕಾಗದ ಒಂದೇ. ಲ್ಯಾಮಿನೇಷನ್ ಮಾಡಿಸಬೇಡಿ, ಅದು ಕಾಗದವನ್ನು ಕೊಲ್ಲುತ್ತದೆ. ಸೆಲ್ಲೋಟೇಪ್ ಬೇಡ. ಕಡತವನ್ನು ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ. ಅದು ಹುಣಸೆಬೀಜದ ಅಂಟು, ಇದ್ದಿಲು ಹಚ್ಚಿ ಕಪ್ಪು ಮಾಡಿದ ಬಟ್ಟೆ, ಬರೆದಿರುವುದು ಬಳಪದಲ್ಲಿ. ಸ್ಲೇಟಿನ ಹಾಗೆ ಅಳಿಸಿ ಹೋಗುತ್ತದೆ. ಓಲೆಗರಿಗೆ ಎಣ್ಣೆ ಹಚ್ಚುವುದನ್ನು ನೋಡಿ ಕಡತಕ್ಕೂ ಹಚ್ಚಿದ ಮನೆಗಳಿವೆ, ಆಮೇಲೆ ಒಂದಕ್ಷರ ಉಳಿದಿಲ್ಲ. ಹತ್ತಿ ಬಟ್ಟೆಯಲ್ಲಿ ಸುತ್ತಿ ಒಣ ಜಾಗದಲ್ಲಿಡಿ. ಮಳೆಗಾಲದಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಒಳಗೇ ಬೂಸ್ಟು ಬರುತ್ತದೆ.

ಬೆಂಗಳೂರಿನ ರಾಜ್ಯ ಪತ್ರಾಗಾರ, ಕೆಳದಿಯ ವಸ್ತುಸಂಗ್ರಹಾಲಯ, ಎರಡೂ ಕಡೆ ಇಂಥ ಕಾಗದ ನೋಡಿ ಅಭ್ಯಾಸ ಇರುವವರಿದ್ದಾರೆ. ಪೂರ್ತಿ ಕೊಟ್ಟುಬಿಟ್ಟರೆ ಕಾಗದ ಚೆನ್ನಾಗಿ ಉಳಿಯುತ್ತದೆ, ಆದರೆ ನಿಮ್ಮ ಮಕ್ಕಳು ನೋಡಬೇಕಾದರೆ ಅಲ್ಲಿಗೇ ಹೋಗಬೇಕು. ಎಷ್ಟೋ ಮನೆಯವರು ಸ್ಕ್ಯಾನ್ ಮಾಡಿಸಿ, ಪ್ರತಿ ಅಲ್ಲಿಗೆ ಕೊಟ್ಟು, ಮೂಲ ತಮ್ಮಲ್ಲೇ ಇಟ್ಟುಕೊಳ್ಳುತ್ತಾರೆ. ನಿಮಗೂ ಅದನ್ನೇ ಹೇಳುತ್ತೇನೆ. ಏನೇ ಕೊಟ್ಟರೂ ಪಟ್ಟಿ ಮಾಡಿ ಸಹಿ ಹಾಕಿಸಿಕೊಳ್ಳಿ. ಒಂದು ಅಪಾಯ ಮೊದಲೇ ತಿಳಿದಿರಲಿ. ಜಮೀನಿನ ಪಾಲು, ಸಾಲ, ದತ್ತಕದ ವಿಷಯ ಹೊರಬರಬಹುದು. ಹಳೇ ಕಾಗದದ ಬಲದ ಮೇಲೆ ಇವತ್ತು ಜಮೀನು ಕೇಳಲು ಹೋದರೆ ವಕೀಲರಿಗೆ ಮಾತ್ರ ಲಾಭ.

ನಿಮ್ಮ ಊರಿನ ಶಾಸನಗಳನ್ನು ನೋಡಬೇಕಾದರೆ ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾದ ಎಂಟನೇ ಸಂಪುಟ ಕೇಳಿ. ಸೊರಬ, ಸಾಗರ, ನಗರ, ತೀರ್ಥಹಳ್ಳಿ ಅದರಲ್ಲಿವೆ. ದಾಖಲೆಗಳಲ್ಲಿ ಹುಡುಕುವಾಗ ಬಿದನೂರು, ಬಿದರೂರು, ಹೈದರ್ ನಗರ, ನಗರ, ಇಂಗ್ಲಿಷರ 'ಬೆಡ್‌ನೋರ್', 'ನುಗ್ಗುರ್' ಎಲ್ಲ ಹೆಸರಲ್ಲೂ ಹುಡುಕಬೇಕು. ಒಂದೇ ಹೆಸರಲ್ಲಿ ಹುಡುಕಿ "ಏನೂ ಸಿಗಲಿಲ್ಲ" ಅಂತ ಬರುವವರನ್ನು ತುಂಬಾ ನೋಡಿದ್ದೇನೆ.

ಕೊನೆಗೆ ನಿಧಿ. ನಗರದಲ್ಲಿ ನಿಧಿ ಹುಡುಕದ ಕಾಲವೇ ಇಲ್ಲ. ಹೈದರ್ ಮುದ್ರೆ ಹಾಕಿಸಿ ಹುಡುಕಿದ. ಮ್ಯಾಥ್ಯೂಸನ ಅಧಿಕಾರಿಗಳು ಹುಡುಕಿದರು. ಅವರ ಮೂಟೆಗಳನ್ನು ಟಿಪ್ಪುವಿನವರು ಹುಡುಕಿದರು. ಆಮೇಲಿನ ಎರಡು ಶತಮಾನ ಅಮಾವಾಸ್ಯೆ ರಾತ್ರಿ ಗುದ್ದಲಿ ಹಿಡಿದು ಬಂದವರು ಉಳಿದ ದೇವಸ್ಥಾನದ ಗರ್ಭಗುಡಿಯನ್ನೂ, ಗದ್ದುಗೆಯನ್ನೂ, ಗೋರಿಯನ್ನೂ ಬಿಡಲಿಲ್ಲ. ಬೆಂಕಿಗಿಂತ ಇವರು ಹಾಳು ಮಾಡಿದ್ದು ಕಮ್ಮಿಯೇನಲ್ಲ. ಕೋಟೆ ಸಂರಕ್ಷಿತ ಸ್ಮಾರಕ, ಅದರ ಆಸುಪಾಸು ಅಗೆದರೆ ಕೇಸು. ಸ್ವಂತ ಹಿತ್ತಲಿನಲ್ಲೇ ಅಗೆದು ಏನಾದರೂ ಸಿಕ್ಕಿದರೂ ಜಿಲ್ಲಾಧಿಕಾರಿಗೆ ತಿಳಿಸಲೇಬೇಕು, ಮುಚ್ಚಿಟ್ಟರೆ ಶಿಕ್ಷೆ ಇದೆ. ನಿಧಿ ತೋರಿಸುತ್ತೇನೆ ಅಂತ ಯಂತ್ರ, ಅಂಜನ ತರುವವರಿಗೆ ಮುಂಗಡ ಕೊಟ್ಟು ತೋಟ ಅಡ ಇಟ್ಟವರ ಕಾಗದಗಳನ್ನೂ ನಾನು ಓದಿದ್ದೇನೆ, ಅವು ಮಾತ್ರ ಹೊಸ ಕಾಗದಗಳು.

ಸದ್ಯಕ್ಕೆ ಒಂದು ಕೆಲಸ ಮಾಡಿ. ಚಿತ್ರಭಾನು ಕಾಗದದ ಎರಡೂ ಬದಿಯ ಚಿತ್ರ ಹಗಲು ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ ತೆಗೆಯಿರಿ. ಹಿಂಬದಿಯನ್ನು ಮರೆಯಬೇಡಿ. ಯಾರಿಗೆ, ಎಲ್ಲಿಗೆ, ಯಾರ ಕೈಯಲ್ಲಿ ಅನ್ನುವುದನ್ನು ಸಾಮಾನ್ಯವಾಗಿ ಅಲ್ಲೇ ಬರೆದಿರುತ್ತಾರೆ. ಅದರಲ್ಲಿ ನಗರದ ಹೆಸರಿದೆಯೋ ತೀರ್ಥಹಳ್ಳಿಯ ಹೆಸರಿದೆಯೋ ನೋಡಿ ಬರೆಯಿರಿ. ಶಕ ವರ್ಷ ಕಾಣದಿದ್ದರೂ ಪರವಾಗಿಲ್ಲ, ಆ ಊರಿನ ಹೆಸರಿನಿಂದಲೇ ಯಾವ ಚಿತ್ರಭಾನು ಅನ್ನುವುದರ ಸುಳಿವು ಸಿಗಬಹುದು.